ಮಿನಿ ಟ್ರ್ಯಾಕ್ಟರ್ ಮೂತಿಗೆ ತೂಕ: ಬಂಪರ್ ವೇಟ್, ಟೈರಿಗೆ ನೀರು, ಕಾಂಕ್ರೀಟು, ಯಾವುದು ಯಾರಿಗೆ

ನಮ್ಮ ಮಂಡ್ಯ ಕಡೆ ಮಿನಿ ಟ್ರ್ಯಾಕ್ಟರ್ ತಗೊಂಡೋರು ಯಾರೂ ಅದನ್ನ ಶೋರೂಮಿಂದ ಬಂದ ಹಂಗೇ ಇಟ್ಕೊಳಲ್ಲ. ಕಬ್ಬಿನ ಸಾಲಲ್ಲಿ ತಳ ತಾಗದಂಗೆ ಹಿಂದಕ್ಕೆ ದೊಡ್ಡ ಟೈರು, ಔಷಧಿ ಹೊಡೆಯೋಕೆ ಇನ್ನೂರು ಲೀಟರ್ ಡ್ರಮ್ಮು, ಡೀಲರ್ ಮೂರಡಿ ಸಾಕು ಅಂದ್ರೂ ಹಠ ಹಿಡಿದು ತಂದ, ಮಣ್ಣು ಪುಡಿ ಮಾಡೋ ನಾಲ್ಕಡಿ ರೋಟವೇಟರ್ರು, ಮನೆಗೆ ಮೇವು ತರೋಕೆ ಒಂದು ಟ್ರೈಲರ್ರು. ಎಲ್ಲಾ ಭಾರ ಹಿಂದೆ. ಮುಂದೆ ಇರೋದು ರೇಡಿಯೇಟರ್ರು, ಬ್ಯಾಟ್ರಿ, ಕೈಯಲ್ಲಿ ಅದುಮಿದ್ರೆ ಒಳಗೆ ಹೋಗೋ ಬಾನೆಟ್ಟು. ಆಮೇಲೆ ಬದು ಹತ್ತಿಸ್ವಾಗ ಮೂತಿ ಎದ್ದೇಳ್ತು ಅಂತ ಹೆದರ್ಕೊಂಡು ವೆಲ್ಡಿಂಗ್ ಶಾಪಿಗೆ ಹೋಗಿ "ಅಣ್ಣಾ ಮುಂದಕ್ಕೆ ಒಂದು ನೂರು ಕೆಜಿ ಹಾಕ್ಬುಡಿ" ಅಂತಾರೆ. ನೂರೇ ಯಾಕೆ ಅಂತ ಕೇಳಿದ್ರೆ ಇಬ್ಬರ ಹತ್ರಾನೂ ಉತ್ತರ ಇಲ್ಲ.

ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಎಷ್ಟು ಕೆಜಿ ಅನ್ನೋದಲ್ಲ, ಆ ತೂಕ ಎಲ್ಲಿ ಕೂರುತ್ತೆ ಮತ್ತೆ ಬೇಡ ಅಂದಾಗ ಎಷ್ಟು ಬೇಗ ತೆಗೀಬೋದು ಅನ್ನೋದು. ಯಾಕಂದ್ರೆ ನಮ್ಮಲ್ಲಿ ಒಂದೇ ಟ್ರ್ಯಾಕ್ಟರ್ ನಾಲೆ ಬಯಲಿನ ಕೆಸರು ಗದ್ದೆಗೂ ಇಳೀಬೇಕು, ಮೇಲಿನ ರಾಗಿ ಹೊಲಕ್ಕೂ ಹತ್ತಬೇಕು, ತೆಂಗಿನ ತೋಟದಲ್ಲೂ ತಿರುಗಬೇಕು. ಒಂದು ಕಡೆ ಬೇಕಾದ ತೂಕ ಇನ್ನೊಂದು ಕಡೆ ಶತ್ರು.

ಮೊದಲು ತೂಕ ಬೇಕಾ ಅಂತ ನೋಡ್ಕೊಳ್ಳಿ

ಮುಂದೆ ಹಗುರ ಆಗಿದೆ ಅನ್ನೋದಕ್ಕೆ ಮೂತಿ ಗಾಳಿಗೆ ಏಳೋವರೆಗೂ ಕಾಯಬೇಕಾಗಿಲ್ಲ. ರೋಟವೇಟರ್ ಎತ್ತಿ ಸಾಲಿನ ಕೊನೇಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೂ ಮುಂದಿನ ಚಕ್ರ ಮಣ್ಣನ್ನ ಗೀಚ್ಕೊಂಡು ನೇರ ಹೋಗ್ತಿದೆ, ಒಂದು ಬದಿ ಬ್ರೇಕ್ ಒತ್ತದೆ ತಿರುಗೋದೇ ಇಲ್ಲ ಅಂದ್ರೆ ಅಲ್ಲಿಗೇ ಅರ್ಥ ಆಯ್ತು. ಡ್ರೈವರ್‌ಗಳಿಗೆ ಇದು ಅಭ್ಯಾಸ ಆಗ್ಬಿಟ್ಟಿರುತ್ತೆ, ಸಿಂಗಲ್ ಬ್ರೇಕಲ್ಲೇ ತಿರುಗಿಸ್ತಾ ಇರ್ತಾರೆ, ತೊಂದ್ರೆ ಇದೆ ಅಂತಾನೇ ಗೊತ್ತಾಗಲ್ಲ. ಇನ್ನೊಂದು ಗುರುತು ರೋಡಲ್ಲಿ ಸಿಗುತ್ತೆ, ಎರಡು ಚಕ್ರದ ಟ್ರೈಲರ್ ಕಟ್ಕೊಂಡು ಹೋಗ್ವಾಗ ಹಳ್ಳ ದಿಣ್ಣೆಲಿ ಮುಂಭಾಗ ಕುಣಿಯುತ್ತೆ, ಸ್ಟೇರಿಂಗ್ ಕ್ಷಣ ಹೊತ್ತು ಬೆಣ್ಣೆ ಥರ ಸಡಿಲ ಆಗುತ್ತೆ. ಫೋರ್ ವೀಲ್ ಡ್ರೈವ್ ಆದ್ರೆ ಮುಂದಿನ ಟೈರು ಹಿಂದಿನದಕ್ಕಿಂತ ಮೊದ್ಲು ಸ್ಲಿಪ್ ಹೊಡೆಯುತ್ತೆ.

ಆದ್ರೆ ಕೆಲವು ತೊಂದ್ರೆ ತೂಕದಿಂದ ವಾಸಿ ಆಗೋದಲ್ಲ. ಮುಖ್ಯವಾಗಿ ಎಲ್ಲಿಂದ ಎಳೀತಿದೀರಿ ಅನ್ನೋದು. ತೆಂಗಿನ ಬೊಡ್ಡೆ ಕೀಳೋಕೆ, ಹೂತ ಗಾಡಿ ಎಳೆಯೋಕೆ ಚೈನನ್ನ ಟಾಪ್ ಲಿಂಕ್ ಬ್ರ್ಯಾಕೆಟ್ಟಿಗೋ (ಹಿಂದಿನ ಉಪಕರಣದ ಮೇಲ್ಭಾಗ ಹಿಡಿಯೋ ಕೊಂಡಿ ಕೂರೋ ಜಾಗ) ಆಕ್ಸಲ್ ಮೇಲಕ್ಕೋ ಸುತ್ತೋದು ನಮ್ಮಲ್ಲಿ ದಿನಾ ನಡೆಯೋ ಕೆಲಸ. ಎಳೆಯೋ ಜಾಗ ಹಿಂದಿನ ಆಕ್ಸಲ್ ಮಟ್ಟಕ್ಕಿಂತ ಮೇಲಿದ್ರೆ ಬೊಡ್ಡೆ ಅಲ್ಲಾಡ್ಲಿಲ್ಲ ಅಂದ ತಕ್ಷಣ ಟ್ರ್ಯಾಕ್ಟರ್ರೇ ಹಿಂದಿನ ಆಕ್ಸಲ್ ಸುತ್ತ ತಿರುಗೋಕೆ ಶುರು ಮಾಡುತ್ತೆ. ಕ್ಲಚ್ ಒತ್ತೋ ಅಷ್ಟರಲ್ಲಿ ತಲೆ ಮೇಲೆ ಇರುತ್ತೆ, ಒಂದು ಸೆಕೆಂಡಿನ ಆಟ. ಇಲ್ಲಿ ಮುಂದೆ ನೂರೈವತ್ತು ಕೆಜಿ ಕಟ್ಟಿದ್ರೂ ಅದು ತಡ ಮಾಡುತ್ತೆ ಅಷ್ಟೇ, ತಡೆಯಲ್ಲ. ಎಳೆಯೋದು ಯಾವತ್ತಿದ್ರೂ ಡ್ರಾಬಾರಿಂದ, ಅಂದ್ರೆ ಹಿಂದೆ ಕೆಳಗಿರೋ ಎಳೆಯೋ ಪಟ್ಟಿಯಿಂದ, ತಗ್ಗಿನ ಜಾಗದಿಂದ. ಇದಕ್ಕೆ ಒಪ್ಪದೇ ಇರೋರು ಈ ಬರಹ ಇಲ್ಲಿಗೇ ನಿಲ್ಲಿಸಬೋದು, ಬೇಜಾರಿಲ್ಲ.

ರೋಟವೇಟರ್ ಹಾಕ್ಕೊಂಡು ನಾಲೆ ಏರಿ ಹತ್ತೋದೂ ಹಂಗೇ. ಕಡಿದಾದ ಕಡೆ ರಿವರ್ಸಲ್ಲಿ ಹತ್ತಿಸಿ, ಇಂಪ್ಲಿಮೆಂಟ್, ಅಂದ್ರೆ ಹಿಂದೆ ಕಟ್ಟಿದ ಉಪಕರಣ, ನೆಲಕ್ಕೆ ಹತ್ತಿರ ಇಟ್ಕೊಳ್ಳಿ. ಖರ್ಚಿಲ್ಲದ ಪರಿಹಾರ ಇದು.

ಲೆಕ್ಕ, ಸ್ವಲ್ಪ ತಾಳ್ಮೆ ಇರಲಿ

ಹಿಂದೆ ನೇತಾಡೋ ಭಾರ ಹಿಂದಿನ ಆಕ್ಸಲ್ಲನ್ನ ಆಧಾರ ಮಾಡ್ಕೊಂಡು ಮುಂಭಾಗವನ್ನ ಎತ್ತುತ್ತೆ. ಎಷ್ಟು ಎತ್ತುತ್ತೆ ಅನ್ನೋಕೆ ಇಂಪ್ಲಿಮೆಂಟ್ ತೂಕವನ್ನ ಅದು ಆಕ್ಸಲ್ಲಿಂದ ಎಷ್ಟು ದೂರ ಇದೆ ಅನ್ನೋದರಿಂದ ಗುಣಿಸಿ, ಮುಂದಿನ ಹಿಂದಿನ ಆಕ್ಸಲ್ ನಡುವಿನ ಅಂತರದಿಂದ ಭಾಗಿಸಿ. ಅಷ್ಟೇ. ಒಂದು ಉದಾಹರಣೆ ತಗೊಳ್ಳೋಣ: ಟ್ರ್ಯಾಕ್ಟರ್ 700 ಕೆಜಿ, ಫೋರ್ ವೀಲ್, ಮುಂದೆ ಸುಮಾರು 40% ಅಂದ್ರೆ 280 ಕೆಜಿ, ಎರಡು ಆಕ್ಸಲ್ ನಡುವೆ 1.45 ಮೀಟರ್. ಹಿಂದೆ 200 ಕೆಜಿ ರೋಟವೇಟರ್, ಅದರ ಭಾರದ ಮಧ್ಯಭಾಗ ಆಕ್ಸಲ್ಲಿಂದ 90 ಸೆಂಟಿಮೀಟರ್ ಹಿಂದೆ. 200 ಗುಣಿಸು 0.9 ಭಾಗಿಸು 1.45, ಅಂದ್ರೆ 124 ಕೆಜಿ ಮುಂದಿಂದ ಎದ್ದು ಹೋಯ್ತು. ಉಳಿದಿದ್ದು 156.

ಸಾಕಾ? ಸಾಮಾನ್ಯವಾಗಿ ಹೇಳೋ ನಿಯಮ ಅಂದ್ರೆ ಟ್ರ್ಯಾಕ್ಟರ್ ತೂಕದಲ್ಲಿ ಕನಿಷ್ಠ 20% ಮುಂದಿನ ಚಕ್ರದ ಮೇಲೆ ಉಳೀಬೇಕು, ಇಲ್ಲಾಂದ್ರೆ ಸ್ಟೇರಿಂಗ್ ಮಾತು ಕೇಳಲ್ಲ. 700ಕ್ಕೆ 140. ಹಂಗಾಗಿ ರೋಟವೇಟರ್ ಮಟ್ಟಿಗೆ ಸಮತಟ್ಟಲ್ಲಿ ಪಾಸು, ಅಂಚಿನಲ್ಲಿ ಪಾಸು. ಈಗ ಅದೇ ಟ್ರ್ಯಾಕ್ಟರಿಗೆ ಇನ್ನೂರು ಲೀಟರ್ ಔಷಧಿ ಡ್ರಮ್ಮು ಕಟ್ಟಿ, ಫ್ರೇಮೂ ಪಂಪೂ ಸೇರಿ 250 ಕೆಜಿ, ಒಂದು ಮೀಟರ್ ಹಿಂದೆ. 172 ಕೆಜಿ ಎದ್ದೋಯ್ತು, ಉಳಿದಿದ್ದು 108. ಫೇಲು, 32 ಕೆಜಿ ಕೊರತೆ. ನೋಡಿ, ನೂರು ಕೆಜಿ ಅಲ್ಲ, ಮೂವತ್ತೆರಡು.

ಇನ್ನೂ ಮಜಾ ಇರೋದು ಇಲ್ಲಿ. ಆ ತೂಕವನ್ನ ಮುಂದಿನ ಆಕ್ಸಲ್ಲಿಂದ ಅರ್ಧ ಮೀಟರ್ ಮುಂದಕ್ಕೆ, ಬಂಪರ್ ಜಾಗದಲ್ಲಿ ನೇತಾಕಿದ್ರೆ ಒಂದೊಂದು ಕೆಜಿನೂ 1.34 ಕೆಜಿ ಕೆಲಸ ಮಾಡುತ್ತೆ, ಅಂದ್ರೆ 24 ಕೆಜಿ ಹಾಕಿದ್ರೆ 32ರ ಕೊರತೆ ತುಂಬುತ್ತೆ. ಅದೇ ತೂಕ ಚಕ್ರದಲ್ಲಿ ಹಾಕಿದ್ರೆ ಕೆಜಿಗೆ ಕೆಜಿ. ಹಂಗಂತ ಬಂಪರನ್ನ ಇನ್ನೂ ಉದ್ದ ಮಾಡ್ಬಿಡೋಣ ಅನ್ಬೇಡಿ, ಆ ಹೆಚ್ಚುವರಿ 0.34 ಎಲ್ಲಿಂದ ಬಂತು? ಹಿಂದಿನ ಚಕ್ರದಿಂದ. ಮುಂದೆ 60 ಕೆಜಿ ನೇತಾಕಿದ್ರೆ ಹಿಂದಿನ ಚಕ್ರದ ಮೇಲಿಂದ 20 ಕೆಜಿ ಕಿತ್ಕೊಂಡಂಗೆ. ಟೂ ವೀಲ್ ಡ್ರೈವಲ್ಲಿ ಕಲ್ಟಿವೇಟರ್ ಎಳೀವಾಗ ಹಿಡಿತ ಸಿಗೋದೇ ಹಿಂದಿನ ಚಕ್ರದಿಂದ, ಅಲ್ಲಿ ಇದು ನಷ್ಟ. ಜೊತೆಗೆ ಮೂಗು ಉದ್ದ ಆದಷ್ಟೂ ಬದು ಹತ್ತಿಳಿವಾಗ ನೆಲಕ್ಕೆ ಕುಕ್ಕುತ್ತೆ.

ಲೆಕ್ಕ ಬೇಡ ಅನ್ನೋರಿಗೆ ಲಾರಿ ತೂಗೋ ವೇಬ್ರಿಡ್ಜ್ ಇದೆ. ಕಬ್ಬಿನ ಸೀಮೆಲಿ ವೇಬ್ರಿಡ್ಜಿಗೇನು ಬರ. ಸೀಸನ್ ಇಲ್ಲದಾಗ ಹೋಗಿ, ಇಂಪ್ಲಿಮೆಂಟ್ ಪೂರ್ತಿ ಎತ್ತಿಟ್ಕೊಂಡು, ಡ್ರಮ್ಮಾದ್ರೆ ನೀರು ತುಂಬ್ಕೊಂಡು, ಮುಂದಿನ ಎರಡು ಚಕ್ರ ಮಾತ್ರ ಪ್ಲೇಟಿನ ಮೇಲೆ ನಿಲ್ಲಿಸಿ, ಹಿಂದಿನದು ಹೊರಗೆ, ನೆಲ ಮಟ್ಟಸ ಇರಬೇಕು. ದೊಡ್ಡ ವೇಬ್ರಿಡ್ಜುಗಳು ಐದು ಹತ್ತು ಕೆಜಿ ಲೆಕ್ಕದಲ್ಲೇ ತೋರ್ಸೋದು, ಅದು ಪರ್ವಾಗಿಲ್ಲ, ನಮಗೆ ಬೇಕಿರೋದು ನೂರಾ ಎಂಟಾ ನೂರೈವತ್ತಾರಾ ಅನ್ನೋದು. ಡ್ರೈವರ್ ಸೀಟಲ್ಲಿ ಕೂತಿರಲಿ. ಇಷ್ಟಾದ್ಮೇಲೆ ಹಳ್ಳ ದಿಣ್ಣೆ, ಏರು ಅಂತ ಒಂದಿಪ್ಪತ್ತು ಮೂವತ್ತು ಕೆಜಿ ಮೇಲಿಟ್ಕೊಳ್ಳಿ. ಅದಕ್ಕಿಂತ ಜಾಸ್ತಿ ಹಾಕಿದ್ರೆ ಅದು ಶೋಕಿ.

ಕಂಪನಿ ಬಂಪರ್ ಮತ್ತು ಸ್ಲ್ಯಾಬು

ದುಡ್ಡು ಕೊಡೋಕೆ ತಯಾರಿದ್ರೆ ಇದಕ್ಕಿಂತ ನೆಮ್ಮದಿ ಇನ್ನೊಂದಿಲ್ಲ. ಕಂಪನಿಯ ಬ್ರ್ಯಾಕೆಟ್ಟು ಚಾಸಿಯ ಮುಂಭಾಗದಲ್ಲಿ ಮೊದಲೇ ಇರೋ ತೂತುಗಳಿಗೆ ಕೂರುತ್ತೆ, ಅದರ ಮೇಲೆ ಎರಕದ ಸ್ಲ್ಯಾಬುಗಳನ್ನ ಒಂದೊಂದಾಗಿ ಕೊಕ್ಕೆ ಥರ ನೇತಾಕಿ ಉದ್ದ ಬೋಲ್ಟ್ ಬಿಗಿಯೋದು. ಬೇಕಾದಾಗ ಎರಡು, ಬೇಡ ಅಂದಾಗ ಸೊನ್ನೆ. ರೇಡಿಯೇಟರ್ ಗಾಳಿಗೆ ಅಡ್ಡ ಬರಲ್ಲ, ಬಾನೆಟ್ ತೆಗೆಯೋಕೆ ಅಡ್ಡ ಬರಲ್ಲ, ವಾರಂಟಿ ಇದ್ರೆ ಡೀಲರ್ ಕ್ಯಾತೆ ತೆಗೆಯಲ್ಲ. ಎಷ್ಟು ಸ್ಲ್ಯಾಬ್ ಗರಿಷ್ಠ ಅಂತ ಮ್ಯಾನ್ಯುಯಲ್ಲಲ್ಲಿ ಬರೆದಿರುತ್ತೆ, ಅದನ್ನ ಮೀರ್ಬೇಡಿ.

ತೊಂದ್ರೆ ಏನಂದ್ರೆ ಕೆಲವು ಮಾಡಲ್ಲಿಗೆ ಸ್ಲ್ಯಾಬ್ ಸ್ಟಾಕಲ್ಲೇ ಇರಲ್ಲ, ಆರ್ಡರ್ ಹಾಕಿ ಕಾಯಬೇಕು, ರೇಟು ಕಬ್ಬಿಣದ ರೇಟಿಗೆ ಹೋಲಿಸಿದ್ರೆ ಹೊಟ್ಟೆ ಉರಿಯುತ್ತೆ. ಅದಕ್ಕೆ ನನ್ನ ಸಲಹೆ, ಬ್ರ್ಯಾಕೆಟ್ ಮಾತ್ರ ಕಂಪನಿದು ತಗೊಳ್ಳಿ, ತೂಕ ಊರಲ್ಲೇ ಮಾಡಿಸಿ. ಮುರಿದ್ರೆ ಅಪಾಯ ಆಗೋದು ಬ್ರ್ಯಾಕೆಟ್ಟು, ತೂಕದಲ್ಲಿ ಏನಿದೆ, ಕಬ್ಬಿಣ ಕಬ್ಬಿಣಾನೇ.

ಊರ ವೆಲ್ಡಿಂಗು, ಗುಜರಿ ಕಬ್ಬಿಣ

ಇಲ್ಲಿ ನಮ್ಮವರ ತಲೆ ಓಡೋದು ನೋಡ್ಬೇಕು. ಬಾಗಿಲು ಹಾಕಿದ ಜಿಮ್ಮಿನ ಪ್ಲೇಟು, ಹಳೇ ಗಿರಣಿಯ ಪುಲ್ಲಿ, ಬೋರ್ ಲಾರಿಯ ಯಾವುದೋ ಭಾಗ, ಏನು ಸಿಕ್ಕಿದ್ರೂ ಮೂತಿಗೆ. ಇವುಗಳಲ್ಲಿ ನನಗೆ ಅತೀ ಇಷ್ಟ ಆಗೋದು ಹಳೇ ತೂಕದ ಬಟ್ಟುಗಳು. ಎಲೆಕ್ಟ್ರಾನಿಕ್ ತಕ್ಕಡಿ ಬಂದ್ಮೇಲೆ ಆಲೆಮನೆ, ಬೆಲ್ಲದ ಮಂಡಿ, ಸೊಸೈಟಿ ಗೋಡೌನುಗಳಲ್ಲಿ ಮೂಲೆ ಸೇರಿದ ಇಪ್ಪತ್ತು ಕೆಜಿ ಎರಕದ ಬಟ್ಟು ಇನ್ನೂ ಗುಜರಿಗೆ ಬರ್ತಾ ಇರುತ್ತೆ. ಉದ್ದುದ್ದ ಇಟ್ಟಿಗೆ ಆಕಾರ, ಮೇಲೊಂದು ಹಿಡಿ, ಹಿಡಿ ಪಕ್ಕದಲ್ಲಿ 20 ಅಂತ ಉಬ್ಬಿದ ಅಂಕಿ, ಅದರ ಮೇಲೆ ಮೂರ್ನಾಲ್ಕು ಪದರ ಬಣ್ಣ. ಒಬ್ಬನೇ ಒಂದೊಂದು ಕೈಲಿ ಎತ್ತಿ ಇಡಬೋದು, ತೂಕ ಎಷ್ಟು ಅಂತ ಯಾರನ್ನೂ ಕೇಳಬೇಕಿಲ್ಲ, ಅದರ ಮೇಲೇ ಬರೆದಿದೆ. ಇವನ್ನ ಸಾಲಾಗಿ ನಿಲ್ಲಿಸೋ ಹಂಗೆ ಚಾನೆಲ್ಲಿನ ತೊಟ್ಟಿ ಮಾಡಿಸಿ, ಹಿಡಿಗಳ ಒಳಗೆ ಒಂದು ಸರಳು ತೂರಿಸಿ ಎರಡೂ ಕಡೆ ನಟ್ ಬಿಗಿದ್ರೆ ಆಯ್ತು. ಕೆಳಗೆ ಹಳೇ ಟೈರಿನ ತುಂಡು ಹಾಸದೇ ಇದ್ರೆ ರೋಡಲ್ಲಿ ಬರೋ ಸದ್ದಿಗೆ ಊರೆಲ್ಲ ಎದ್ದು ಕೂರುತ್ತೆ, ಅದೊಂದು ನೆನಪಿರಲಿ.

ಎಲ್ಲಿ ಬೋಲ್ಟ್ ಹಾಕ್ತೀರಿ ಅನ್ನೋದೇ ಇಲ್ಲಿ ಪರೀಕ್ಷೆ. ಮುಂದಿನ ಆಕ್ಸಲ್ ಬೀಮಿಗೆ ವೆಲ್ಡ್ ಮಾಡೋ ಪುಣ್ಯಾತ್ಮರು ಇದಾರೆ, ಅದು ಬೇಡವೇ ಬೇಡ. ಆ ಬೀಮು ನಡುವಿನ ಪಿನ್ನಿನ ಮೇಲೆ ತೂಗೋದು, ಅದಕ್ಕೆ ಮುಂದಕ್ಕೆ ಚಾಚಿದ ಭಾರ ಅಂಟಿಸಿದ್ರೆ ಪಿನ್ನು ಬುಷ್ಷು ಎರಡೂ ತಿರುಚಿಕೊಂಡು ಸವೆಯುತ್ತೆ, ಎರಕದ ಬೀಮಾದ್ರೆ ವೆಲ್ಡ್ ಪಕ್ಕದಲ್ಲೇ ಬಿರುಕು. ತೂಕ ಯಾವಾಗ್ಲೂ ಚಾಸಿಗೆ, ಅಂದ್ರೆ ಆಕ್ಸಲ್ ಬ್ರ್ಯಾಕೆಟ್ ಕೂತಿರೋ ಆ ದಪ್ಪ ಫ್ರೇಮಿಗೆ, ವೆಲ್ಡಲ್ಲ, ಬೋಲ್ಟು. ಬೋಲ್ಟ್ ತಲೆ ಮೇಲೆ 8.8 ಅಂತ ಇರೋ ಹೈ ಟೆನ್ಸೈಲೇ ಕೇಳಿ ತಗೊಳ್ಳಿ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬೋಲ್ಟು ಗೇಟಿಗೆ ಸರಿ, ಇದಕ್ಕಲ್ಲ.

ಇನ್ನೊಂದು ವಿಷಯ, ರೈಲ್ವೆ ಹಳಿ ತುಂಡು. ತೂಕಕ್ಕೆ ಅದರಷ್ಟು ಒಳ್ಳೇದು ಇಲ್ಲ ಅಂತ ಯಾರಾದ್ರೂ ತಂದ್ಕೊಡ್ತೀನಿ ಅಂದ್ರೆ ಕೈ ಮುಗಿದು ಕಳಿಸಿ. ಕದ್ದ ರೈಲ್ವೆ ಆಸ್ತಿ ಇಟ್ಕೊಂಡ್ರೆ 1966ರ ಕಾಯ್ದೆ ಪ್ರಕಾರ ಕೇಸು, ಅದು ಬರೀ ಫೈನ್ ಕಟ್ಟಿ ಬರೋ ಕೇಸಲ್ಲ.

ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ, ಇಲ್ಲಿ ತೂಬಿನಕೆರೆ ಕಡೆ ಪ್ಲೇಟ್ ಕಟಿಂಗ್ ಮಾಡೋರ ಹತ್ರ ದಪ್ಪ ಪ್ಲೇಟಿನ ಉಳಿಕೆ ತುಂಡು ಕೇಳಿ ನೋಡ್ಬೋದು. 40 ಸೆಂಟಿಮೀಟರ್ ಉದ್ದ, 25 ಅಗಲ, 25 ಮಿಲಿಮೀಟರ್ ದಪ್ಪದ ಒಂದು ಪ್ಲೇಟು ಸುಮಾರು ಇಪ್ಪತ್ತು ಕೆಜಿ ಬರುತ್ತೆ. ಹಂಗೆ ಎರಡು ಮೂರು ಒತ್ತೊತ್ತಾಗಿ ನಿಲ್ಲಿಸಿದ್ರೆ ಒಂದು ಗೇಣಿನ ಅರ್ಧ ಜಾಗಾನೂ ತಿನ್ನಲ್ಲ, ನೋಡೋಕೂ ಕಂಪನಿದರ ಥರಾನೇ ಕಾಣುತ್ತೆ.

ಕಾಂಕ್ರೀಟು, ಮರಳಿನ ಮೂಟೆ

ಕಾಂಕ್ರೀಟ್ ಅಗ್ಗ, ಮನೇಲಿ ಕೆಲಸ ನಡೀತಿದ್ರೆ ಉಳಿದ ಮಾಲಲ್ಲೇ ಆಗೋಗುತ್ತೆ. ಆದ್ರೆ ಜಾಗ ತಿನ್ನುತ್ತೆ. 60 ಕೆಜಿಗೆ ಕಬ್ಬಿಣ ಆದ್ರೆ ಎಂಟು ಲೀಟರ್ ಡಬ್ಬಿಯಷ್ಟು, ಕಾಂಕ್ರೀಟಾದ್ರೆ ಇಪ್ಪತ್ತೈದು ಲೀಟರ್, ಮರಳಾದ್ರೆ ಮೂವತ್ತೈದು ನಲವತ್ತು. ಮಿನಿ ಟ್ರ್ಯಾಕ್ಟರ್ ಮೂತಿ ಎಷ್ಟು ಅಗಲ ಇರುತ್ತೆ ಹೇಳಿ, ಇಪ್ಪತ್ತೈದು ಲೀಟರಿನ ಕಟ್ಟೆ ಕೂರಿಸಿದ್ರೆ ಗ್ರಿಲ್ಲು ಅರ್ಧ ಮುಚ್ಚೋಗುತ್ತೆ. ಏಪ್ರಿಲ್ ಬಿಸಿಲಲ್ಲಿ ರೋಟವೇಟರ್ ಹೊಡೀವಾಗ ಇಂಜಿನ್ ಹೀಟ್ ಆಯ್ತು ಅಂತ ಮೆಕ್ಯಾನಿಕ್ ಹತ್ರ ಹೋದ್ರೆ ಅವನು ಥರ್ಮೋಸ್ಟಾಟ್ ಬಿಚ್ಚಿ ನೋಡ್ತಾ ಕೂರ್ತಾನೆ, ಕಾರಣ ಕಣ್ಣೆದುರೇ ಇರುತ್ತೆ.

ಮಾಡೋದೇ ಆದ್ರೆ ಅಗಲಕ್ಕೆ, ತಗ್ಗಿಗೆ ಮಾಡಿ, ಗ್ರಿಲ್ಲಿನ ಕೆಳಗೆ ಮಲಗೋ ಹಂಗೆ. ಪಂಚಿಂಗ್ ಗುಜರಿ ಅಂತ ಸಿಗುತ್ತೆ, ಪ್ರೆಸ್ ಶಾಪಲ್ಲಿ ತೂತು ಹೊಡೆದಾಗ ಉದುರೋ ಬಿಲ್ಲೆಗಳು, ಜಲ್ಲಿ ಬದಲು ಅದನ್ನ ಹಾಕಿದ್ರೆ ಅದೇ ಜಾಗದಲ್ಲಿ ತೂಕ ಸುಮಾರು ಏರುತ್ತೆ. ಬೋಲ್ಟು ಒಳಗೆ ಬರೀ ಹೂತಿಡೋದಲ್ಲ, ಒಳಗಡೆ ಕಂಬಿ ಚೌಕಟ್ಟಿಗೆ ಬೆಸುಗೆ ಹಾಕಿರಬೇಕು, ಇಲ್ಲಾಂದ್ರೆ ಅದುರಿ ಅದುರಿ ಬೋಲ್ಟ್ ಸುತ್ತ ಪುಡಿ ಆಗ್ತಾ ಬರುತ್ತೆ. ನೀರುಣಿಸಿ ತಿಂಗಳು ಬಿಟ್ಟು ಕಟ್ಟಿ. ಇಡೀ ಕಟ್ಟೆ ಒಂದೇ ತುಂಡಾಗಿರೋದ್ರಿಂದ ತೆಗೆಯೋಕೆ ಇಬ್ಬರು ಬೇಕು, ಹಂಗಾಗಿ ಯಾರೂ ತೆಗೆಯಲ್ಲ, ಕೆಸರಿಗೂ ಅದನ್ನೇ ಹೊತ್ಕೊಂಡು ಇಳೀತಾರೆ. ವರ್ಷ ಪೂರ್ತಿ ತೋಟದಲ್ಲಿ ಒಂದೇ ಕೆಲಸ ಮಾಡೋ ಟ್ರ್ಯಾಕ್ಟರಿಗೆ ಮಾತ್ರ ಇದು ಸರಿ.

ಮರಳಿನ ಮೂಟೆ ಒಂದು ದಿನದ ಆಟಕ್ಕೆ ಓಕೆ. ತೂಕ ಎಷ್ಟು ಬೇಕು ಅಂತ ಪರೀಕ್ಷೆ ಮಾಡೋಕೆ ಒಳ್ಳೇದು, ಅಳೆದು ತುಂಬಿದ ಮೂಟೆ ಕಟ್ಟಿ ಓಡಿಸಿ ನೋಡಿ ಆಮೇಲೆ ಕಬ್ಬಿಣಕ್ಕೆ ದುಡ್ಡು ಹಾಕಿ. ಬಾನೆಟ್ ಮೇಲೆ ಮಾತ್ರ ಬೇಡ.

ಟೈರಿಗೆ ನೀರು

ಈ ದಾರಿಗೆ ನಮ್ಮಲ್ಲಿ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ. ಹಿಂದಿನ ಟೈರಿಗೆ ನೀರು ತುಂಬಿಸೋದು ಎಲ್ಲರಿಗೂ ಗೊತ್ತು, ಆದ್ರೆ ಹಿಂದಿನ ಟೈರಿನ ನೀರು ಮುಂಭಾಗಕ್ಕೆ ಒಂದು ಗ್ರಾಮೂ ಸೇರಿಸಲ್ಲ, ಅದು ಹಿಂದಿನ ಹಿಡಿತಕ್ಕೆ. ಮುಂದಿನ ಟೈರಿಗೆ ಯಾರೂ ತುಂಬಿಸಲ್ಲ, ಯಾಕಂದ್ರೆ ಅದು ಚಿಕ್ಕದು. ಚಿಕ್ಕದೇ, ಆದ್ರೂ ನಮಗೆ ಬೇಕಾಗಿರೋದೂ ಅಷ್ಟೇ ಅಲ್ವಾ. ಫೋರ್ ವೀಲ್ ಮಿನಿಗಳಲ್ಲಿ ಬರೋ 5.00-12 ಥರದ ಟೈರಿಗೆ ಮುಕ್ಕಾಲು ಮಟ್ಟಕ್ಕೆ ಸುಮಾರು ಹನ್ನೆರಡರಿಂದ ಹದಿನೈದು ಲೀಟರ್ ಹಿಡಿಯುತ್ತೆ, ಎರಡೂ ಸೇರಿ ಇಪ್ಪತ್ತೈದು ಮೂವತ್ತು ಕೆಜಿ. ಮೇಲೆ ಹೇಳಿದ ಔಷಧಿ ಡ್ರಮ್ಮಿನ ಕೊರತೆ ಹೆಚ್ಚೂಕಮ್ಮಿ ಅಲ್ಲಿಗೇ ತುಂಬ್ತು. 6.00-16 ಟೈರಾದ್ರೆ ಒಂದೊಂದಕ್ಕೆ ಇಪ್ಪತ್ತರ ಮೇಲೆ.

ಇದರಲ್ಲಿ ದೊಡ್ಡ ಲಾಭ ಅಂದ್ರೆ ಈ ತೂಕ ನೇರವಾಗಿ ನೆಲದ ಮೇಲೆ ಕೂರುತ್ತೆ. ಆಕ್ಸಲ್ ಬೀಮು, ನಡುವಿನ ಪಿನ್ನು, ಮುಂದಿನ ಚಕ್ರ ಎಡ ಬಲ ತಿರುಗೋ ಕಿಂಗ್‌ಪಿನ್ನು, ವೀಲ್ ಬೇರಿಂಗು, ಇವು ಯಾವುದರ ಮೇಲೂ ಭಾರ ಬೀಳಲ್ಲ. ಬಂಪರ್ ವೇಟಿನ ಪ್ರತಿ ಕೆಜಿಯೂ ಅವುಗಳ ಮೂಲಕವೇ ನೆಲಕ್ಕೆ ಹೋಗೋದು. ಹಳೇ ಟ್ರ್ಯಾಕ್ಟರ್, ಕಿಂಗ್‌ಪಿನ್ ಈಗಾಗ್ಲೇ ಅಲ್ಲಾಡ್ತಿದೆ ಅನ್ನೋರು ಕಣ್ಮುಚ್ಕೊಂಡು ನೀರಿನ ಕಡೆ ಹೋಗ್ಬೋದು. ಭಾರ ಕೆಳಮಟ್ಟದಲ್ಲಿರೋದ್ರಿಂದ ಇಳಿಜಾರಲ್ಲಿ ಅಡ್ಡ ಓಡಿಸ್ವಾಗಲೂ ಧೈರ್ಯ.

ತುಂಬೋ ಕ್ರಮ ಸುಲಭ. ಚಕ್ರ ಜಾಕಲ್ಲಿ ಎತ್ತಿ ವಾಲ್ವ್ ಮೇಲಕ್ಕೆ, ಗಡಿಯಾರದ ಹನ್ನೆರಡರ ಜಾಗಕ್ಕೆ ತನ್ನಿ, ವಾಲ್ವ್ ಪಿನ್ ತೆಗೆದು ನೀರು ಬಿಡಿ, ನಡುನಡುವೆ ಒಳಗಿನ ಗಾಳಿ ಹೊರಗೆ ಹೋಗೋಕೆ ಅವಕಾಶ ಕೊಡಿ, ವಾಲ್ವ್ ಮಟ್ಟ ಮುಟ್ಟಿ ನೀರು ವಾಪಸ್ ಬರೋಕೆ ಶುರು ಆದ್ರೆ ನಿಲ್ಲಿಸಿ. ಅದೇ ಮುಕ್ಕಾಲು ಮಟ್ಟ. ಪೂರ್ತಿ ತುಂಬಿಸ್ಬೇಡಿ, ನೀರು ಅದುಮಿದ್ರೆ ಕುಗ್ಗಲ್ಲ, ಮೇಲಿನ ಗಾಳಿಯೇ ಸ್ಪ್ರಿಂಗ್ ಕೆಲಸ ಮಾಡೋದು. ಆಮೇಲೆ ಗಾಳಿ ಹೊಡೆದು ಪ್ರೆಷರ್ ನೋಡ್ವಾಗಲೂ ವಾಲ್ವ್ ಮೇಲಿರಲಿ, ಇಲ್ಲಾಂದ್ರೆ ಗೇಜೊಳಗೆ ನೀರು ಹೋಗಿ ಪಂಕ್ಚರ್ ಅಂಗಡಿಯವನ ಬೈಗುಳ ಗ್ಯಾರಂಟಿ. ಹೊರದೇಶದ ವಿಡಿಯೋ ನೋಡಿ ಕ್ಯಾಲ್ಸಿಯಂ ಕ್ಲೋರೈಡ್ ಎಲ್ಲಿ ಸಿಗುತ್ತೆ ಅಂತ ಹುಡುಕೋರು ಇದಾರೆ, ಅದು ಮುಖ್ಯವಾಗಿ ಚಳಿಗೆ ನೀರು ಹೆಪ್ಪುಗಟ್ಟದೇ ಇರಲಿ ಅಂತ ಹಾಕೋದು, ನಮ್ಮ ಮಂಡ್ಯದಲ್ಲಿ ಆ ಭಯ ಯಾಕೆ. ಟ್ಯೂಬ್ ಇರೋ ಟೈರಾದ್ರೆ ರಿಮ್ ತುಕ್ಕೂ ಹಿಡಿಯಲ್ಲ.

ಅವಗುಣ ಇಲ್ದೇ ಇಲ್ಲ. ರೋಡಲ್ಲಿ ಕುಲುಕಾಟ ಗಟ್ಟಿ ಆಗುತ್ತೆ, ಟ್ಯೂಬ್‌ಲೆಸ್ ಆದ್ರೆ ರಿಮ್ಮಿಗೆ ತುಕ್ಕು, ಪಂಕ್ಚರ್ ಆದ್ರೆ ಅಂಗಡಿ ಮುಂದೆ ಕೆರೆ. ಮುಖ್ಯವಾಗಿ ಇದು ತೆಗೆಯೋ ತೂಕ ಅಲ್ಲ, ನಾಳೆ ಬೆಳಿಗ್ಗೆ ಗದ್ದೆ ಕೆಲಸ ಅಂತ ಇವತ್ತು ಸಂಜೆ ನೀರು ಬಿಡೋಕೆ ಯಾರೂ ಹೋಗಲ್ಲ. ಆದ್ರೆ 5.00-12 ಥರದ ಟೈರಲ್ಲಿ ಒಟ್ಟು ಮೂವತ್ತು ಕೆಜಿ ಒಳಗೆ ಇರೋದ್ರಿಂದ ಕೆಸರಲ್ಲೂ ಅಷ್ಟೇನೂ ಕಾಟ ಕೊಡಲ್ಲ.

ಚಕ್ರದ ರಿಮ್ಮಿಗೆ ಬೋಲ್ಟ್ ಮಾಡೋ ಎರಕದ ವೀಲ್ ವೇಟು ಇದೇ ಜಾತಿ, ಗುಣಗಳೂ ಇವೇ. ಮುಂದಿನ ಚಕ್ರಕ್ಕೆ ಸರಿಹೊಂದೋದು ಸಿಗೋದು ಕಷ್ಟ, ಸಿಕ್ಕಿದ್ರೆ ಬಿಡ್ಬೇಡಿ.

ಡ್ರಮ್ಮನ್ನೇ ಮುಂದಕ್ಕೆ ತಂದ್ರೆ?

ಬರೀ ಔಷಧಿ ಹೊಡೆಯೋಕೆ ಮೂತಿ ಏಳ್ತಿದೆ ಅನ್ನೋರಿಗೆ ಇದನ್ನ ಜೋರಾಗಿ ಹೇಳ್ತೀನಿ. ಇನ್ನೂರು ಲೀಟರ್ ಹಿಂದೆ ಇಟ್ಟು ಅದನ್ನ ಸರಿದೂಗಿಸೋಕೆ ಮುಂದೆ ಕಬ್ಬಿಣ ಕಟ್ಟೋದಕ್ಕಿಂತ, ನೂರೈವತ್ತು ಹಿಂದೆ ಐವತ್ತು ಮುಂದೆ ಅಂತ ಎರಡು ಟ್ಯಾಂಕ್ ಮಾಡಿ ಪೈಪಲ್ಲಿ ಸೇರಿಸಿ. ಮೇಲಿನ ಟ್ರ್ಯಾಕ್ಟರಿಗೇ ಲೆಕ್ಕ ಹಾಕಿದ್ರೆ ಹಿಂದೆ ಐವತ್ತು ಕಮ್ಮಿ ಆದಾಗ ಮುಂದೆ 34 ಕೆಜಿ ವಾಪಸ್ ಬಂತು, ಮುಂದೆ ಇಟ್ಟ ಐವತ್ತು ಇನ್ನೊಂದು 67 ಕೊಡ್ತು. ಟ್ರ್ಯಾಕ್ಟರಿನ ಒಟ್ಟು ಭಾರ ಏರಲೇ ಇಲ್ಲ. ಮುಂದಿನ ಟ್ಯಾಂಕ್ ಕೊನೆಗೆ ಖಾಲಿ ಆಗೋ ಹಂಗೆ ವಾಲ್ವ್ ಇಡಬೇಕು, ಅಷ್ಟೇ ಜಾಣತನ. ಟ್ಯಾಂಕ್ ಗ್ರಿಲ್ಲಿಗೆ ಅಡ್ಡ ಬರಬಾರದು ಅನ್ನೋ ಮಾತು ಇಲ್ಲಿಗೂ ಅನ್ವಯಿಸುತ್ತೆ, ಸೋರಿದ ಔಷಧಿ ರೇಡಿಯೇಟರ್ ಫ್ಯಾನಿಂದ ಡ್ರೈವರ್ ಮುಖಕ್ಕೆ ಬರಬಾರದು ಅನ್ನೋದೂ.

ದೊಡ್ಡ ಹಿಂದಿನ ಟೈರ್ ಹಾಕಿಸ್ದೋರು

ಫೋರ್ ವೀಲ್ ಟ್ರ್ಯಾಕ್ಟರಿಗೆ ಹಿಂದೆ ಮಾತ್ರ ದೊಡ್ಡ ಟೈರ್ ಹಾಕಿದ್ರೆ ಮುಂದಿನ ಹಿಂದಿನ ಚಕ್ರಗಳ ಓಟದ ಲೆಕ್ಕ ತಪ್ಪುತ್ತೆ. ಕಂಪನಿ ಲೆಕ್ಕದಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಒಂದು ಚೂರು ಜಾಸ್ತಿ ಓಡೋ ಹಂಗೆ ಇರುತ್ತೆ, ಹಿಂದೆ ಟೈರ್ ದೊಡ್ಡದಾದಾಗ ಅದು ತಲೆಕೆಳಗಾಗಿ ಹಿಂದಿನದು ಮುಂದಿನದನ್ನ ತಳ್ಳುತ್ತೆ. ಮುಂದೆ ಹಗುರ ಇದ್ದಾಗ ಟೈರ್ ಜಾರಿ ಆ ಜಗ್ಗಾಟ ಹಂಗೇ ಕಳೆದೋಗ್ತಿತ್ತು. ನೀವು ತೂಕ ಹಾಕಿದ್ರಿ, ಟೈರ್ ಈಗ ಜಾರಲ್ಲ, ಜಗ್ಗಾಟ ಎಲ್ಲಾ ಮುಂದಿನ ಗೇರು, ಶಾಫ್ಟಿನ ಮೇಲೆ. ತೂಕ ಹಾಕಿದ್ಮೇಲೆ ಮುಂದಿನ ಡ್ರೈವ್ ಸದ್ದು ಮಾಡೋಕೆ ಶುರು ಆಯ್ತು ಅನ್ನೋ ದೂರಿಗೆ ಬಹಳ ಸಲ ಕಾರಣ ಇದೇ. ಇಂಥೋರು ಗಟ್ಟಿ ನೆಲದಲ್ಲಿ, ರೋಡಲ್ಲಿ ಫೋರ್ ವೀಲ್ ಲಿವರ್ ಮುಟ್ಟಲೇಬಾರದು. ತೂಕ ಹಾಕೋ ಮುಂಚೆ ಟೈರ್ ಜೋಡಿ ಸರಿಮಾಡ್ಕೊಳ್ಳೋದು ಇನ್ನೂ ಒಳ್ಳೇದು.

ಹುಲ್ಲು ಕತ್ತರಿಸೋ ಗಾಡಿನ ಟ್ರ್ಯಾಕ್ಟರ್ ಮಾಡ್ಕೊಂಡೋರು

ಮೈಸೂರು ಸುತ್ತ ರೆಸಾರ್ಟು, ಲೇಔಟುಗಳಿಂದ ಹರಾಜಾದ ಹಳೇ ಲಾನ್ ಟ್ರ್ಯಾಕ್ಟರ್ ತಂದು, ಅಡಿಯ ಬ್ಲೇಡ್ ಡೆಕ್ ಬಿಚ್ಚಿ, ಹಿಂದಕ್ಕೆ ಗುಬುಟು ಹಲ್ಲಿನ ಟೈರ್ ಹಾಕಿ ತೋಟದಲ್ಲಿ ಕಾಯಿ, ಗೊಬ್ಬರ ಸಾಗಿಸೋ ಹವ್ಯಾಸದವರಿಗೆ ಮೇಲಿನ ಲೆಕ್ಕದ ಪದ್ಧತಿ ಅದೇ, ಅಂಕಿ ಮಾತ್ರ ಬೇರೆ. ಡೆಕ್ ಬಿಚ್ಚಿದ ತಕ್ಷಣ ಎರಡು ಆಕ್ಸಲ್ ನಡುವಿದ್ದ ಭಾರ ಹೋಯ್ತು, ಅದರಲ್ಲಿ ಹೆಚ್ಚೂಕಮ್ಮಿ ಅರ್ಧ ಮುಂದಿನ ಚಕ್ರದ್ದು. ಬೆಲ್ಟ್ ಕ್ಲಚ್ ತಟ್ಟನೆ ಹಿಡಿಯುತ್ತೆ, ಗುಬುಟು ಟೈರ್ ಜಾರಲ್ಲ, ಮೂತಿ ಏಳುತ್ತೆ.

ಇದರ ಮುಂದಿನ ಆಕ್ಸಲ್ಲು ಹುಲ್ಲಿನ ಮೇಲೆ ಮೆಲ್ಲಗೆ ಓಡೋಕೆ ಮಾಡಿದ್ದು. ಚಕ್ರ ಕೂರೋ ಸ್ಪಿಂಡಲ್ ಬಹಳಷ್ಟರಲ್ಲಿ ಮುಕ್ಕಾಲು ಇಂಚು ದಪ್ಪ ಅಷ್ಟೇ, ಬೇರಿಂಗ್ ಜಾಗದಲ್ಲಿ ಬುಷ್ಷು. ಇಲ್ಲಿ ನಾನಾದ್ರೆ ಇಪ್ಪತ್ತು ಇಪ್ಪತ್ತೈದು ಕೆಜಿ ಮೀರಲ್ಲ, ಅದನ್ನೂ ಬಂಪರಿಗೆ ಉದ್ದಕ್ಕೆ ಚಾಚದೆ, ಫ್ರೇಮಿನ ಎರಡು ಪಟ್ಟಿಗಳ ನಡುವೆ ತಗ್ಗಲ್ಲಿ ಪ್ಲೇಟಾಗಿ ಮಲಗಿಸ್ತೀನಿ. ಜಾಸ್ತಿ ಬೇಕಾದ್ರೆ ಮೊದ್ಲು ಲೇತಲ್ಲಿ ದಪ್ಪ ಸ್ಪಿಂಡಲ್ ಮಾಡಿಸಿ, ಬುಷ್ ಬದಲು ಬೇರಿಂಗ್ ಕೂರಿಸಿ, ಆಮೇಲೆ ತೂಕದ ಮಾತು. ನಲವತ್ತು ಕೆಜಿ ಕಟ್ಟಿ ತೋಟದ ಗುಂಡಿಗೆ ಇಳಿಸಿದ್ರೆ ಎರಡು ಮುಂದಿನ ಚಕ್ರ ಒಂದಕ್ಕೊಂದು ಬೆನ್ನು ತಿರುಗಿಸಿ ನಿಲ್ಲುತ್ತೆ.

ಕೆಸರಿಗೆ ಇಳಿಯೋ ಮುಂಚೆ

ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ನಾಟಿ ಕೆಲಸ ಶುರು ಆದ್ರೆ ಕೇಜ್ ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಪಂಜರ ಚಕ್ರ) ಹಾಕೋ ದಿನವೇ ಮುಂದಿನ ಸ್ಲ್ಯಾಬ್ ಬಿಚ್ಚಿಡಿ. ಮುಂದಿನ ಟೈರ್ ಸಣ್ಣದು, ಕೆಸರಲ್ಲಿ ಭಾರ ಜಾಸ್ತಿ ಆದಷ್ಟೂ ಉಳುಮೆಯ ತಳ ಸೀಳ್ಕೊಂಡು ಇಳಿಯುತ್ತೆ, ಇಳಿದ ಮೂತಿ ಎತ್ತೋಕೆ ಇನ್ನೊಂದು ಟ್ರ್ಯಾಕ್ಟರ್ ಬೇಕು, ಆ ಟ್ರ್ಯಾಕ್ಟರಿನವನು ಚೈನ್ ಎಲ್ಲಿಗೆ ಸುತ್ತುತ್ತಾನೆ ಅಂತ ಮೇಲೇ ಹೇಳಿದೀನಿ. ಈ ಒಂದು ಕಾರಣಕ್ಕೆ ನಾಲೆ ಬಯಲಿನೋರಿಗೆ ಬಿಡಿ ಬಟ್ಟು ಅಥವಾ ಸ್ಲ್ಯಾಬೇ ಸರಿ, ಕಾಂಕ್ರೀಟ್ ಅಲ್ಲ. ನಾಗಮಂಗಲ, ಕೃಷ್ಣರಾಜಪೇಟೆ ಮೇಲ್ಭಾಗದ ಒಣಭೂಮಿಯೋರು, ಗದ್ದೆ ಇಲ್ಲದೋರು, ನೀರು ತುಂಬಿ ಮರೆತುಬಿಡಬೋದು.

ಬಂಪರ್ ತೂಕ ಹಾಕಿದ್ಮೇಲೆ ಮುಂದಿನ ಟೈರ್ ಪ್ರೆಷರ್ ಹಳೇದೇ ಇಟ್ರೆ ಟೈರ್ ಪಕ್ಕ ಉಬ್ಬುತ್ತೆ, ಟೈರ್ ಮೇಲೆ ಬರೆದಿರೋ ಗರಿಷ್ಠ ಭಾರ, ಪ್ರೆಷರ್ ನೋಡಿ ಅದರೊಳಗೆ ಏರಿಸಿ. ನಡುವಿನ ಪಿನ್ನಿಗೆ, ಕಿಂಗ್‌ಪಿನ್ನಿಗೆ ಗ್ರೀಸ್ ಮೊದಲಿಗಿಂತ ಬೇಗ ಬೇಗ ಹೊಡೀರಿ, ನಿಪ್ಪಲ್ ಮೇಲಿನ ಮಣ್ಣು ಒರೆಸಿ ಹೊಡೀರಿ, ಹಳೇ ಗ್ರೀಸ್ ಹೊರಗೆ ಬರೋವರೆಗೂ. ಬೋಲ್ಟುಗಳನ್ನ ಮೊದಲ ದಿನದ ಕೆಲಸ ಮುಗಿದ ತಕ್ಷಣ ಒಂದು ಸಲ ಬಿಗಿ ನೋಡಿ, ಹೊಸ ಬಣ್ಣದ ಮೇಲೆ ಬಿಗಿದ ಬೋಲ್ಟು ಬಣ್ಣ ಅದುಮಿಕೊಂಡ ಮೇಲೆ ಸಡಿಲ ಆಗೇ ಆಗುತ್ತೆ.